ಬಚ್ಚಲ ಒಲೆಯ ಉಸಿರು

ದೊಡ್ಡ ಹಬ್ಬ ಹತ್ತಿರ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಮನೆಗಳಲ್ಲಿ ದೇವರ ಕೋಣೆಗಿಂತ ಮೊದಲು ಸಿಂಗಾರಗೊಳ್ಳುವುದು ಬಚ್ಚಲುಮನೆ. ವರ್ಷವಿಡೀ ಮಸಿ ಹಿಡಿದು ಕುಳಿತ ತಾಮ್ರದ ಹಂಡೆಗೆ ಅಂದು ಹುಣಸೆಹಣ್ಣು, ಬೂದಿಯ ಉಪಚಾರ. ತಿಕ್ಕಿ ಬೆಳಗಿದ ಹಂಡೆಯ ಕೊರಳಿಗೆ ಹಿಂಡ್ಲಿಕಾಯಿಯ ಬಳ್ಳಿ, ಒಲೆಯ ಸುತ್ತ ಕೆಮ್ಮಣ್ಣು, ಶೇಡಿಯ ಗೆರೆಗಳು. ಸಂಜೆ ಬಾವಿಯಿಂದಲೋ ಅಬ್ಬಿಯಿಂದಲೋ ಹೊಸ ನೀರು ತಂದು ತುಂಬಿ, ದೀಪ ಹಚ್ಚಿ ಕೈಮುಗಿದರೆ ನೀರು ತುಂಬುವ ಹಬ್ಬ ಮುಗಿಯಿತು. ಮರುದಿನ ನರಕ ಚತುರ್ದಶಿಯ ನಸುಕಿನಲ್ಲಿ ಮನೆಮಂದಿಗೆಲ್ಲ ಎಣ್ಣೆ ಸ್ನಾನ.

ಇಷ್ಟೆಲ್ಲ ಸಂಭ್ರಮದಲ್ಲಿ ಹಂಡೆಗೆ, ನೀರಿಗೆ, ಒಲೆಗೆ ಎಲ್ಲಕ್ಕೂ ಮರ್ಯಾದೆ ಸಲ್ಲುತ್ತದೆ. ಆ ಒಲೆ ಉರಿಯಲು ಬೇಕಾದ ಗಾಳಿಯನ್ನು ಮಾತ್ರ ಯಾರೂ ನೆನೆಯುವುದಿಲ್ಲ. ನೆನೆಯುವ ಅಗತ್ಯವೂ ಹಿಂದೆ ಇರಲಿಲ್ಲ. ಹಂಚಿನ ಸಂದು, ಮುರುಕು ಬಾಗಿಲು, ಅರ್ಧ ಗೋಡೆ, ಎಲ್ಲೆಲ್ಲಿಂದಲೋ ಅದು ತಾನಾಗಿ ಬರುತ್ತಿತ್ತು.

ಈಗ ಹಾಗಿಲ್ಲ. ಚಳಿಗಾಲ ಕಾಲಿಟ್ಟೊಡನೆ ಬೆಂಗಳೂರಿನಿಂದಲೋ ಮತ್ತೊಂದು ನಗರದಿಂದಲೋ ಒಂದೇ ಬಗೆಯ ಸುದ್ದಿ ಪತ್ರಿಕೆಗಳ ಒಳಪುಟಕ್ಕೆ ಬರುತ್ತದೆ. ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ. ಬಾಗಿಲು ಒಡೆದು ನೋಡಿದರೆ ನಲ್ಲಿಯಲ್ಲಿ ಬಿಸಿನೀರು ಸುರಿಯುತ್ತಿತ್ತು. ಗೋಡೆಯ ಮೇಲೆ ಗ್ಯಾಸ್ ಗೀಸರ್ ಉರಿಯುತ್ತಿತ್ತು. ಮೈಮೇಲೆ ಗಾಯವಿಲ್ಲ, ಸುಟ್ಟ ಗುರುತಿಲ್ಲ. ಇಷ್ಟೇ ಸುದ್ದಿ. ನೂರಾರು ವರ್ಷ ಒಲೆಯ ಪಕ್ಕದಲ್ಲೇ ಕುಳಿತು ಮಿಂದ ಜನಕ್ಕೆ ಈ ಅಪಾಯ ಹೊಸದಾಗಿ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಬೇಕಿದ್ದರೆ ಬಚ್ಚಲುಮನೆಯ ಚರಿತ್ರೆಯನ್ನೇ ಸ್ವಲ್ಪ ಕೆದಕಬೇಕಾಗುತ್ತದೆ.

ಆರದ ಒಲೆ

ಭೈರುಂಬೆ, ಹುಲಗೋಳದ ಕಡೆಯ ಹಳೆಯ ತೋಟಿಗರ ಮನೆಗಳನ್ನು ನೋಡಿದವರಿಗೆ ಬಚ್ಚಲಿನ ಸ್ಥಾನ ಗೊತ್ತು. ಅದು ಮನೆಯ ಹಿಂಬದಿಗೆ, ಅಡುಗೆಮನೆಯನ್ನೋ ಕೊಟ್ಟಿಗೆಯನ್ನೋ ಒತ್ತಿಕೊಂಡು ಇರುತ್ತಿತ್ತು. ಮಣ್ಣಿನ ಅಥವಾ ಚಿರೆಕಲ್ಲಿನ ಗೋಡೆ ಮಾಡಿನವರೆಗೆ ಏರುತ್ತಿದ್ದುದು ಅಪರೂಪ. ಗೋಡೆಯ ತಲೆಗೂ ಮಾಡಿಗೂ ನಡುವೆ ಕೈ ತೂರುವಷ್ಟಾದರೂ ಜಾಗ ಬಿಟ್ಟಿರುತ್ತಿದ್ದರು. ಮೇಲೆ ಅಡಿಕೆ ಸೋಗೆಯ ಹೊದಿಕೆ, ಅನುಕೂಲಸ್ಥರಾದರೆ ನಾಡಹೆಂಚು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕ್ರಮೇಣ ಮಂಗಳೂರು ಹೆಂಚು ಘಟ್ಟ ಹತ್ತಿತು. ಅದು ಮಳೆಯನ್ನು ತಡೆಯಿತೇ ಹೊರತು ಹೊಗೆಯನ್ನು ತಡೆಯಲಿಲ್ಲ. ಮುಂಜಾನೆ ಗುಡ್ಡದ ಮೇಲೆ ನಿಂತು ನೋಡಿದರೆ ಯಾವ ಮನೆಯಲ್ಲಿ ಎದ್ದಿದ್ದಾರೆ, ಯಾವ ಮನೆಯಲ್ಲಿ ಇನ್ನೂ ಎದ್ದಿಲ್ಲ ಎಂಬುದು ಹೆಂಚಿನ ಸಂದಿನಿಂದ ಏಳುವ ಹೊಗೆಯಿಂದಲೇ ತಿಳಿಯುತ್ತಿತ್ತು.

ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರಿನಲ್ಲಿ ಬಚ್ಚಲೊಲೆಗೆ ಕೆಲಸ ಒಂದೆರಡಲ್ಲ. ತೋಟದಿಂದ ನೆನೆದು ಬಂದವರಿಗೆ ಬಿಸಿನೀರು, ಬಾಣಂತಿಗೆ ಹಂಡೆಗಟ್ಟಲೆ ನೀರು, ಕಂಬಳಿ ಒಣಗಿಸಲು ಶಾಖ, ದನಕ್ಕೆ ಅಕ್ಕಚ್ಚು. ಆಷಾಢ, ಶ್ರಾವಣದಲ್ಲಿ ಬಚ್ಚಲೊಲೆ ಪೂರ್ತಿ ಆರಿದ್ದೇ ಇಲ್ಲವೆನ್ನಬಹುದು. ದಪ್ಪನೆಯ ಕುಂಟೆಯೊಂದನ್ನು ಒಲೆಗೆ ದೂಡಿಟ್ಟರೆ ಅದು ದಿನವಿಡೀ ನಿಧಾನವಾಗಿ ಬೇಯುತ್ತಿತ್ತು. ಜತೆಗೆ ಅಡಿಕೆ ಸಿಪ್ಪೆ, ಒಣಗಿದ ಹಾಳೆ, ತೆಂಗಿನ ಗರಿ. ಹೊಗೆಯೂ ಬರಿದೆ ಹೋಗುತ್ತಿರಲಿಲ್ಲ. ಅಟ್ಟದ ಮೇಲಿನ ಬಿದಿರು, ಜಂತಿ, ಬೀಜದ ಕಾಳಿಗೆ ಹುಳು ಹಿಡಿಯದಂತೆ ಅದು ಕಾಯುತ್ತಿತ್ತು. ಮಾಡಿನಿಂದ ಜೋಲುವ ಇಲ್ಲಣ ಆ ಮನೆಯ ವಯಸ್ಸನ್ನು ಹೇಳುತ್ತಿತ್ತು.

ಈ ಒಲೆಯ ಗಾಳಿಯ ಲೆಕ್ಕ ಸ್ವಾರಸ್ಯಕರವಾಗಿದೆ. ಒಂದು ಕಿಲೋ ಒಣ ಸೌದೆ ಪೂರ್ತಿಯಾಗಿ ಉರಿಯಲು ನಾಲ್ಕರಿಂದ ಐದು ಘನ ಮೀಟರ್ ಗಾಳಿ ಸಾಕು. ಮೂರು ಕಲ್ಲಿನ ತೆರೆದ ಒಲೆ ಅದರ ಎಷ್ಟೋ ಪಟ್ಟು ಗಾಳಿಯನ್ನು ಎಳೆದುಕೊಳ್ಳುತ್ತದೆ. ಆದರೆ ಬೇಕಾದ ಜಾಗಕ್ಕೆ ಎಳೆದುಕೊಳ್ಳುವುದಿಲ್ಲ. ಹೊರಗಿನ ಉರಿಯ ಸುತ್ತ ತಣ್ಣನೆಯ ಗಾಳಿ ಹಾದು ಶಾಖವನ್ನು ಹೊತ್ತೊಯ್ಯುತ್ತದೆ, ಒಳಗಿನ ಕೆಂಡದ ನಡುವೆ ಮಾತ್ರ ಗಾಳಿಯ ಬರ. ಅದಕ್ಕೇ ಊದುಗೊಳವೆ ಹುಟ್ಟಿದ್ದು. ಗೇಣುದ್ದದ ಆ ಕಬ್ಬಿಣದ ಅಥವಾ ಬಿದಿರಿನ ಕೊಳವೆ ಮಾಡುವ ಕೆಲಸ ಇಷ್ಟೇ: ಗಾಳಿಯನ್ನು ಕೆಂಡದ ಬುಡಕ್ಕೆ ಮುಟ್ಟಿಸುವುದು. ಅದನ್ನು ಊದುತ್ತಿದ್ದವರು ಹೆಣ್ಣುಮಕ್ಕಳು. ಹಸಿ ಸೌದೆಯ ಹೊಗೆಗೆ ಕಣ್ಣು ಕೆಂಪಾಗಿಸಿಕೊಂಡು, ಕೆಮ್ಮಿಕೊಂಡು ನೀರು ಕಾಯಿಸಿದವರು ಅವರೇ. ಹಳೆಯ ಬಚ್ಚಲನ್ನು ಹಂಬಲಿಸಿ ಮಾತಾಡುವವರು ಸಾಮಾನ್ಯವಾಗಿ ಊದುಗೊಳವೆ ಹಿಡಿದವರಲ್ಲ, ಮಿಂದವರು.

ಆದರೂ ಒಂದು ಮಾತು ನಿಜ. ಆ ಹೊಗೆ ಕಣ್ಣಿಗೆ ಕಾಣುತ್ತಿತ್ತು, ಮೂಗಿಗೆ ತಾಗುತ್ತಿತ್ತು. ಹೆಚ್ಚಾದರೆ ಒಳಗೆ ಕೂರಲು ಬಿಡುತ್ತಿರಲಿಲ್ಲ. ಒಲೆ ತನ್ನ ತೊಂದರೆಯನ್ನು ತಾನೇ ಕೂಗಿ ಹೇಳುತ್ತಿತ್ತು. ಹೊಗೆ ದೀರ್ಘಕಾಲದಲ್ಲಿ ಶ್ವಾಸಕೋಶವನ್ನು ಸವೆಸುತ್ತಿತ್ತೆಂಬುದು ನಿಜವಾದರೂ ಬಚ್ಚಲಿನಲ್ಲಿ ಕುಳಿತ ಹತ್ತು ನಿಮಿಷದಲ್ಲಿ ಮನುಷ್ಯನನ್ನು ಕೆಡವುತ್ತಿರಲಿಲ್ಲ. ಗೋಡೆಯ ಮೇಲಿನ ಆ ತೆರಪು ಅಷ್ಟರಮಟ್ಟಿಗೆ ಕಾವಲಿತ್ತು.

ಬೆಟ್ಟದ ಲೆಕ್ಕ

ಗಾಳಿ ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ತೆತ್ತದ್ದು ಕಾಡು. ನೂರು ಲೀಟರ್ ಹಿಡಿಯುವ ಹಂಡೆಯ ನೀರನ್ನು ನಲವತ್ತು ಡಿಗ್ರಿಯಷ್ಟು ಬಿಸಿ ಮಾಡಲು ಬೇಕಾದ ಶಾಖ ಸುಮಾರು ಒಂದು ಕಿಲೋ ಒಣ ಸೌದೆಯಲ್ಲಿ ಅಡಗಿದೆ. ತೆರೆದ ಒಲೆಯಲ್ಲಿ ಹತ್ತರಲ್ಲೊಂದು ಪಾಲು ಶಾಖ ಪಾತ್ರೆಗೆ ಮುಟ್ಟಿದರೆ ಹೆಚ್ಚು. ಎಂದರೆ ಒಂದು ಕಿಲೋದ ಕೆಲಸಕ್ಕೆ ಹತ್ತು ಕಿಲೋ ಸೌದೆ. ದಿನಕ್ಕೊಂದು ಹಂಡೆಯಾದರೂ ವರ್ಷಕ್ಕೆ ಮೂರೂವರೆ ಟನ್ನಿನ ಮೇಲಾಯಿತು.

ಇಲ್ಲಿನ ತೋಟಿಗರಿಗೆ ಇದು ಹೊರೆಯೆನಿಸದಿರಲು ಕಾರಣವಿತ್ತು. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ, 1878ರ ಅರಣ್ಯ ಕಾಯಿದೆಯ ನೆರಳಿನಲ್ಲಿ ಕಾಡು ಸರಕಾರದ್ದಾಯಿತು. ಆದರೆ ಅಡಿಕೆ ತೋಟಕ್ಕೆ ಸೊಪ್ಪಿಲ್ಲದೆ ಆಗದು ಎಂಬುದನ್ನು ಸರಕಾರವೂ ಒಪ್ಪಿ, ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಟ್ಟಿತು. ಸೊಪ್ಪಿನ ಜತೆ ಸೌದೆಯೂ ಬೆಟ್ಟದಿಂದಲೇ ಬಂತು. ಬೆಟ್ಟವಿಲ್ಲದ ಕೂಲಿಯವರ ಮಾತು ಬೇರೆ. ಅವರಿಗೆ ತಲೆಹೊರೆಯ ಸೌದೆಗೂ ಅರಣ್ಯದ ಕಾವಲುಗಾರನ ಮುಖ ನೋಡಬೇಕಿತ್ತು. 1930ರಲ್ಲಿ ಶಿರಸಿ, ಸಿದ್ದಾಪುರದಲ್ಲಿ ಜಂಗಲ್ ಸತ್ಯಾಗ್ರಹ ನಡೆದಾಗ ಕಾಡಿಗೆ ನುಗ್ಗಿದವರ ಮನಸ್ಸಿನಲ್ಲಿ ಸ್ವರಾಜ್ಯದ ಜತೆಗೆ ಈ ಒಲೆಯ ಸಿಟ್ಟೂ ಇದ್ದಿರಬೇಕು.

ಅರ್ಧ ಶತಮಾನದ ಬಳಿಕ ಕಾಡೇ ತೆಳ್ಳಗಾಯಿತು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿ ಭಾಗದ ಜನ ಕಡಿಯಲು ಗುರುತು ಹಾಕಿದ ಮರಗಳನ್ನು ಅಪ್ಪಿ ನಿಂತರು. ಪಾಂಡುರಂಗ ಹೆಗಡೆಯವರ ಹೆಸರಿನೊಂದಿಗೆ ಬೆಸೆದುಕೊಂಡ ಅಪ್ಪಿಕೋ ಚಳವಳಿ ಹೊರಗಿನವರಿಗೆ ಮರ ಅಪ್ಪುವ ಚಿತ್ರವಾಗಿ ಉಳಿದಿದೆ. ಅದರ ಮಂತ್ರದಲ್ಲಿ ಮೂರು ಮಾತುಗಳಿದ್ದವು: ಉಳಿಸು, ಬೆಳೆಸು, ಬಳಸು. ಮೂರನೆಯದು ನೇರವಾಗಿ ಒಲೆಗೆ ಸಂಬಂಧಿಸಿದ್ದು. ಕಾಂಟ್ರಾಕ್ಟರನ ಕೊಡಲಿಯನ್ನು ತಡೆದವರು ತಮ್ಮ ಬಚ್ಚಲಿನ ಕುಂಟೆಯ ಬಗ್ಗೆಯೂ ಉತ್ತರ ಹೇಳಬೇಕಿತ್ತು. ಚಳವಳಿಯವರು ಹಳ್ಳಿಗಳಲ್ಲಿ ಕಡಿಮೆ ಸೌದೆಯ ಒಲೆಗಳನ್ನು ಕಟ್ಟಿಸುವ ಕೆಲಸಕ್ಕೂ ಕೈಹಾಕಿದರು.

ಗಾಳಿಗೆ ಲಗಾಮು

ಕಡಿಮೆ ಸೌದೆಯ ಒಲೆ ಎಂದರೆ ಮಲೆನಾಡಿನಲ್ಲಿ ಇಂದಿಗೂ ಅಸ್ತ್ರ ಒಲೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ, ಅಮೂಲ್ಯ ಕುಮಾರ ರೆಡ್ಡಿಯವರ ಮುಂದಾಳ್ತನದಲ್ಲಿ, ಹಳ್ಳಿಗಳಿಗೆ ವಿಜ್ಞಾನವನ್ನು ಒಯ್ಯುವ ಉದ್ದೇಶದಿಂದ ಹುಟ್ಟಿದ ಕೇಂದ್ರ ‘ಅಸ್ತ್ರ’. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಹಳ್ಳಿಯ ಪ್ರಯೋಗಶಾಲೆಯಿತ್ತು. ಅಲ್ಲಿನ ಊರುಗಳಲ್ಲಿ ಮನೆಮನೆಗೆ ಹೋಗಿ ಸೌದೆ ತೂಗಿ ನೋಡಿದ ವಿಜ್ಞಾನಿಗಳಿಗೆ ಹಳ್ಳಿಯ ಶಕ್ತಿಯ ಬಹುಪಾಲು ಒಲೆಯಲ್ಲೇ ಉರಿದುಹೋಗುತ್ತದೆಂದು ಗೊತ್ತಾಯಿತು. ಲೋಕ್ರಸ್, ಜಗದೀಶ್ ಮೊದಲಾದವರ ತಂಡ ರೂಪಿಸಿದ ಮೂರು ಪಾತ್ರೆಯ ಒಲೆಯ ವಿವರ 1983ರಲ್ಲಿ ಪ್ರಕಟವಾಯಿತು. ಪ್ರಯೋಗಶಾಲೆಯ ಪರೀಕ್ಷೆಯಲ್ಲಿ ಅದು ಶೇಕಡಾ 40ರ ಮೇಲೆ ಶಾಖವನ್ನು ಪಾತ್ರೆಗೆ ಮುಟ್ಟಿಸಿತು. ಇದೇ ತತ್ವದ ಮೇಲೆ ಬಚ್ಚಲಿನ ಹಂಡೆಗೂ ಒಲೆ ಬಂತು.

ಆ ತತ್ವ ಹೊಸದೇನಲ್ಲ. ಯೂರೋಪಿನ ಬೆಂಕಿಗೂಡುಗಳು ಮನೆಯ ಶಾಖವನ್ನೆಲ್ಲ ಚಿಮಣಿಯಲ್ಲಿ ಸುರಿಯುವುದನ್ನು ಕಂಡು ಕೌಂಟ್ ರಮ್‌ಫರ್ಡ್ 1796ರಲ್ಲೇ ಬರೆದಿದ್ದ: ಚಿಮಣಿಯ ಕತ್ತನ್ನು ಕಿರಿದು ಮಾಡಿ, ಬೇಡದ ಗಾಳಿಯನ್ನು ತಡೆಯಿರಿ ಎಂದು. ಅಸ್ತ್ರ ಒಲೆ ಮಾಡಿದ್ದೂ ಅದನ್ನೇ. ಉರಿಯನ್ನು ಗೂಡಿನೊಳಗೆ ಮುಚ್ಚಿ, ಸೌದೆಯ ಅಡಿಗೆ ಸರಳಿನ ಜಾಲರಿ ಇಟ್ಟು, ಅದರ ಕೆಳಗಿನಿಂದ ಅಳತೆಯ ಗಾಳಿ ಬರುವಂತೆ ಮಾಡಿತು. ಹೊಗೆಯನ್ನು ಮಾಡಿನ ಮೇಲಕ್ಕೆ ಒಯ್ಯಲು ಕಲ್ನಾರು ಸಿಮೆಂಟಿನ ಕೊಳವೆ. ಊದುಗೊಳವೆಯ ಕೆಲಸವನ್ನು ಈ ಕೊಳವೆ ವಹಿಸಿಕೊಂಡಿತು. ಕೊಳವೆಯೊಳಗಿನ ಬಿಸಿ ಹೊಗೆ ಹಗುರ. ಅದು ಮೇಲೇರಿದಂತೆ ಕೆಳಗೆ ತಣ್ಣನೆಯ ಗಾಳಿ ತಾನಾಗಿ ಒಳಸೇರುತ್ತದೆ. ಒಲೆ ತನ್ನನ್ನು ತಾನೇ ಊದಿಕೊಳ್ಳುತ್ತದೆ.

ಆದರೆ ಇಲ್ಲೊಂದು ಷರತ್ತಿದೆ, ಅದನ್ನು ಗಾರೆಯವರು ಹೇಳಿದರೂ ಮನೆಯವರು ಬೇಗ ಮರೆಯುತ್ತಾರೆ. ಒಳಗೆ ಬರಲು ದಾರಿಯಿಲ್ಲದಿದ್ದರೆ ಗಾಳಿ ಹೊರಗೂ ಹೋಗದು. ಬಚ್ಚಲಿನ ಬಾಗಿಲನ್ನೂ ಕಿಟಕಿಯನ್ನೂ ಬಿಗಿಯಾಗಿ ಮುಚ್ಚಿ ಒಲೆ ಹಚ್ಚಿದರೆ ಕೊಳವೆ ಎಳೆಯುವುದನ್ನು ನಿಲ್ಲಿಸುತ್ತದೆ, ಹೊಗೆ ಮುಖಕ್ಕೆ ಬರುತ್ತದೆ. ಮಳೆಗಾಲದ ಬೆಳಗ್ಗೆ ಕೊಳವೆ ತಣ್ಣಗಿರುವಾಗಲೂ ಅಷ್ಟೆ. ಅನುಭವಸ್ಥರು ಅದಕ್ಕೇ ಮೊದಲು ಒಣ ಗರಿಯ ದೊಡ್ಡ ಉರಿ ಹಾಕಿ ಕೊಳವೆಯನ್ನು ಬಿಸಿ ಮಾಡಿ, ಆಮೇಲೆ ಸೌದೆ ದೂಡುತ್ತಾರೆ. ಮಸಿ ತುಂಬಿದ ಕೊಳವೆಯ ಕತೆ ಇನ್ನೊಂದು. 1983-84ರಲ್ಲಿ ಆರಂಭವಾದ ರಾಷ್ಟ್ರೀಯ ಸುಧಾರಿತ ಒಲೆ ಯೋಜನೆಯಡಿ ದೇಶದಾದ್ಯಂತ ಲಕ್ಷಾಂತರ ಒಲೆಗಳು ಎದ್ದವು. 2002ರಲ್ಲಿ ಕೇಂದ್ರ ಸರಕಾರ ಯೋಜನೆಯನ್ನು ಕೈಬಿಡುವ ಹೊತ್ತಿಗೆ ಅವುಗಳಲ್ಲಿ ಎಷ್ಟೋ ಒಲೆಗಳ ಬಾಯಿ ಒಡೆದಿತ್ತು, ಕೊಳವೆ ಕಟ್ಟಿತ್ತು. ಸೌದೆಯನ್ನು ಸಣ್ಣಗೆ ಸೀಳುವ ತಾಳ್ಮೆಯಿಲ್ಲದೆ ದಪ್ಪ ಕುಂಟೆ ಹಿಡಿಸಲೆಂದು ಒಲೆಯ ಬಾಯನ್ನು ಅಗಲ ಮಾಡಿದರೆ ಅಳತೆಯ ಗಾಳಿ ಎಂಬ ಮಾತಿಗೇ ಅರ್ಥವಿಲ್ಲ. ಮಲೆನಾಡಿನ ಬಚ್ಚಲಲ್ಲಿ ಈ ಒಲೆ ಅಡುಗೆಮನೆಗಿಂತ ಹೆಚ್ಚು ಬಾಳಿತು ಎನ್ನಲು ಅಡ್ಡಿಯಿಲ್ಲ. ಹಂಡೆ ಒಂದೇ, ಅದರ ಜಾಗವೂ ಒಂದೇ. ಪಾತ್ರೆ ಬದಲಿಸುವ ರಗಳೆಯಿಲ್ಲ. 1993ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಟೈಡ್ ಸಂಸ್ಥೆಯವರು ಮುಂದೆ ಸಣ್ಣ ಉದ್ದಿಮೆಗಳಿಗೂ ಇಂಥ ಒಲೆಗಳನ್ನು ಹೊಂದಿಸಿದರು.

ವಾಸನೆಯಿಲ್ಲದ ಹಗೆ

ಪೇಟೆಯ ಬಚ್ಚಲು ಬೇರೆ ದಾರಿ ಹಿಡಿದಿತ್ತು. ಹುಬ್ಬಳ್ಳಿ, ಧಾರವಾಡದ ಕಡೆ ಬಂಬ ಎಂದೂ ಬೆಂಗಳೂರು, ಮೈಸೂರಿನಲ್ಲಿ ಬಾಯ್ಲರ್ ಎಂದೂ ಕರೆಯುವ ತಾಮ್ರದ ಉರುಟು ಪಾತ್ರೆಯನ್ನು ಹಳಬರು ಬಲ್ಲರು. ನಡುವೆ ಕೊಳವೆ, ಸುತ್ತ ನೀರು, ಕೆಳಗೆ ಜಾಲರಿ, ಬದಿಗೊಂದು ನಲ್ಲಿ. ತೆಂಗಿನ ಚಿಪ್ಪು, ಮರದ ಚಕ್ಕೆ, ಇದ್ದಿಲು ಏನು ಹಾಕಿದರೂ ಉರಿಯುತ್ತದೆ. ಒಲೆ ಕಟ್ಟುವ ಗೋಜಿಲ್ಲ, ಎತ್ತಿ ಎಲ್ಲಿ ಬೇಕಾದರೂ ಇಡಬಹುದು. ಅದರ ತೊಂದರೆಯೂ ಅಲ್ಲೇ ಇರುವುದು. ಅಂಗಳದಲ್ಲಿ ಹೊತ್ತಿಸಿದ ಬಾಯ್ಲರನ್ನು ಹೊಗೆ ನಿಂತ ಮೇಲೆ, ಕೆಂಡ ನಿಗಿನಿಗಿ ಎನ್ನುವಾಗ, ಒಳಗೆ ತಂದು ಬಾಗಿಲು ಹಾಕಿಕೊಳ್ಳುವವರಿದ್ದರು. ಹೊಗೆಯಿಲ್ಲ, ಇನ್ನೇನು ಭಯ ಎಂಬ ನಂಬಿಕೆ. ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಕಿಟಕಿಗೆ ಕಂಬಳಿ ಹೊದಿಸುವುದರ ಹಿಂದೆಯೂ ಅದೇ ನಂಬಿಕೆ.

ಈ ನಂಬಿಕೆ ಸುಳ್ಳೆಂದು ತೋರಿಸಿದ್ದು ಹತ್ತೊಂಬತ್ತನೆಯ ಶತಮಾನದ ವಿಜ್ಞಾನ. ಸಾಕಷ್ಟು ಗಾಳಿ ಸಿಕ್ಕ ಬೆಂಕಿಯಿಂದ ಬರುವುದು ಇಂಗಾಲದ ಡೈ ಆಕ್ಸೈಡ್. ಗಾಳಿ ಸಾಲದಾದಾಗ ಅರೆಬರೆ ಉರಿದು ಹುಟ್ಟುವುದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ಅದು ನೆತ್ತರನ್ನು ಹಿಡಿಯುತ್ತದೆಂದು ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ 1850ರ ದಶಕದಲ್ಲಿ ಕಂಡುಕೊಂಡ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ನಿಗೆ ಆಮ್ಲಜನಕದ ಮೇಲಿರುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಿನ ಒಲವು ಈ ಅನಿಲದ ಮೇಲೆ. ಸ್ವಲ್ಪವೇ ಇದ್ದರೂ ಅದು ಸೀಟು ಹಿಡಿದು ಕೂರುತ್ತದೆ, ಆಮ್ಲಜನಕ ಬಾಗಿಲಲ್ಲೇ ನಿಲ್ಲುತ್ತದೆ. ಬ್ರಿಟನ್ನಿನ ಜಾನ್ ಹಾಲ್ಡೇನ್ 1895ರಲ್ಲಿ ಈ ಅನಿಲವನ್ನು ತಾನೇ ಉಸಿರಾಡಿ ತನ್ನ ಮೇಲೆ ಆಗುವುದನ್ನೆಲ್ಲ ಬರೆದಿಟ್ಟ. ಗಣಿಗಳಲ್ಲಿ ಎಚ್ಚರಿಕೆಗಾಗಿ ಸಣ್ಣ ಪ್ರಾಣಿ, ಹಕ್ಕಿಗಳನ್ನು ಇಟ್ಟುಕೊಳ್ಳಬೇಕೆಂದು ಸೂಚಿಸಿದವನೂ ಅವನೇ. ಬ್ರಿಟನ್ನಿನ ಗಣಿಗಳಲ್ಲಿ ಕ್ಯಾನರಿ ಹಕ್ಕಿಯ ಕಾವಲು 1986ರವರೆಗೂ ನಡೆಯಿತು.

ಕಾದಂಬರಿಕಾರ ಎಮಿಲ್ ಜೋಲಾನ ಸಾವು ಇದರ ಅತಿ ಪ್ರಸಿದ್ಧ ನಿದರ್ಶನ. 1902ರ ಸೆಪ್ಟೆಂಬರ್ ಕೊನೆಯಲ್ಲಿ ಹಳ್ಳಿಮನೆಯಿಂದ ಪ್ಯಾರಿಸಿಗೆ ಮರಳಿದ ಜೋಲಾ ದಂಪತಿ ಚಳಿಗೆ ಮಲಗುವ ಕೋಣೆಯಲ್ಲಿ ಕಲ್ಲಿದ್ದಲ ಬೆಂಕಿ ಹಾಕಿಸಿ, ಕಿಟಕಿ ಮುಚ್ಚಿ ಮಲಗಿದರು. ಚಿಮಣಿ ಕಟ್ಟಿತ್ತು. ರಾತ್ರಿ ಇಬ್ಬರಿಗೂ ಮೈ ಸರಿಯಿಲ್ಲವೆನಿಸಿ ಎಚ್ಚರವಾಯಿತು. ಕಿಟಕಿಯ ಕಡೆ ಹೊರಟ ಜೋಲಾ ನಡುವೆಯೇ ಕುಸಿದು ಬಿದ್ದ, ಮತ್ತೆ ಏಳಲಿಲ್ಲ. ಹೆಂಡತಿ ಬದುಕಿದಳು. ಡ್ರೇಫಸ್ ಪ್ರಕರಣದಲ್ಲಿ ಸೇನೆಯನ್ನು ಎದುರು ಹಾಕಿಕೊಂಡಿದ್ದ ಅವನ ಚಿಮಣಿಯನ್ನು ಯಾರೋ ಬೇಕೆಂದೇ ಕಟ್ಟಿದ್ದರೆಂಬ ಗುಮಾನಿ ಇನ್ನೂ ಪೂರ್ತಿ ಆರಿಲ್ಲ. ಅದೇನೇ ಇರಲಿ, ಕಿಟಕಿ ತೆರೆಯಬೇಕೆಂದು ಬುದ್ಧಿಗೆ ಹೊಳೆದ ಮೇಲೂ ಕಾಲು ಒಯ್ಯದಿರುವುದು ಈ ವಿಷದ ಲಕ್ಷಣ.

ಐಸ್‌ಲೆಂಡಿನಿಂದ ಬಂದ ಹೆಸರು

ಗೀಸರ್ ಎಂಬ ಮಾತು ಐಸ್‌ಲೆಂಡಿನ ಬಿಸಿನೀರ ಬುಗ್ಗೆಯ ಹೆಸರು. ಅದನ್ನು ಬಚ್ಚಲಿಗೆ ತಂದವನು ಲಂಡನ್ನಿನಲ್ಲಿ ಬಣ್ಣ ಬಳಿಯುವ ಕಸುಬಿನ ಬೆಂಜಮಿನ್ ವಾಡಿ ಮೌಘನ್, 1868ರಲ್ಲಿ. ಅವನ ಯಂತ್ರದಲ್ಲಿ ಮೇಲಿನಿಂದ ಇಳಿಯುವ ನೀರನ್ನು ಗ್ಯಾಸಿನ ಉರಿ ಆಗಿಂದಾಗಲೇ ಕಾಯಿಸುತ್ತಿತ್ತು. ಹಂಡೆಯಿಲ್ಲ, ಕಾಯುವಂತಿಲ್ಲ, ಅಂದಿನ ಮಟ್ಟಿಗೆ ಸೋಜಿಗವೇ ಸರಿ. ಒಂದೇ ಕೊರತೆಯೆಂದರೆ ಉರಿದ ಗಾಳಿ ಹೊರಹೋಗಲು ಅದಕ್ಕೆ ಕೊಳವೆಯೇ ಇರಲಿಲ್ಲ. ಎಲ್ಲವೂ ಸ್ನಾನದ ಕೋಣೆಯಲ್ಲೇ ಉಳಿಯುತ್ತಿತ್ತು. ನಂತರದವರು ಕೊಳವೆ ಕೂಡಿಸಿದರು. ಮುಂದೆ ಯೂರೋಪಿನಲ್ಲಿ, ಕೋಣೆಯ ಗಾಳಿಯನ್ನು ಮುಟ್ಟದೆ ಗೋಡೆಯಾಚೆಯಿಂದಲೇ ಗಾಳಿ ಎಳೆದು ಗೋಡೆಯಾಚೆಗೇ ಬಿಡುವ ಮುಚ್ಚುಗೂಡಿನ ಬಾಯ್ಲರುಗಳು ಬಂದವು.

ಭಾರತದಲ್ಲಿ ಅಡುಗೆ ಅನಿಲದ ಮಾರಾಟ ಮುಂಬಯಿಯಲ್ಲಿ 1955ರಲ್ಲಿ ಶುರುವಾಯಿತಾದರೂ ಸಿಲಿಂಡರಿಗಾಗಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ಅದನ್ನು ಬಚ್ಚಲಿಗೆ ಒಯ್ಯುವ ಯೋಚನೆ ಯಾರಿಗೂ ಬರಲಿಲ್ಲ. ಸಿಲಿಂಡರ್ ಸಲೀಸಾಗಿ ಸಿಗತೊಡಗಿ, ಕರೆಂಟು ಕೈಕೊಡುವುದು ಮಾತ್ರ ನಿಲ್ಲದೆ ಇದ್ದಾಗ ಸಣ್ಣ ಗ್ಯಾಸ್ ಗೀಸರುಗಳು ಮಧ್ಯಮವರ್ಗದ ಮನೆ ಹೊಕ್ಕವು. ಇವುಗಳ ಮೇಲೆ ಭಾರತೀಯ ಮಾನಕ ಬ್ಯೂರೋ ಮಾನಕ ತಂದದ್ದು 2005ರಲ್ಲಿ.

ಅಷ್ಟರಲ್ಲಿ ಬಚ್ಚಲುಮನೆಯೂ ಬದಲಾಗಿತ್ತು. ಆರ್‌ಸಿಸಿ ಚಾವಣಿಯಲ್ಲಿ ಸಂದಿಲ್ಲ, ಟೈಲ್ಸ್ ಹಚ್ಚಿದ ಗೋಡೆಯಲ್ಲಿ ಬಿರುಕಿಲ್ಲ, ಬಾಗಿಲು ಚೌಕಟ್ಟಿಗೆ ಬಿಗಿಯಾಗಿ ಕೂರುವ ಫೈಬರಿನದು. ಐದಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರದ ಬಚ್ಚಲನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಒಳಗಿರುವುದು 240 ಘನ ಅಡಿ ಗಾಳಿ. ನಿಮಿಷಕ್ಕೆ ಆರು ಲೀಟರ್ ಬಿಸಿನೀರು ಕೊಡುವ ಗೀಸರ್ ಗಂಟೆಗೆ ಹೆಚ್ಚುಕಡಿಮೆ ಒಂದು ಕಿಲೋ ಅನಿಲ ಸುಡುತ್ತದೆ. ಹತ್ತು ನಿಮಿಷದ ಸ್ನಾನಕ್ಕೆ ಅದು ಸುಮಾರು 70 ಘನ ಅಡಿ ಗಾಳಿಯಲ್ಲಿರುವ ಆಮ್ಲಜನಕವನ್ನೆಲ್ಲ ತಿಂದಿರುತ್ತದೆ. ಐದನೆಯ ನಿಮಿಷಕ್ಕೇ ಕೋಣೆಯ ಆಮ್ಲಜನಕ ಶೇಕಡಾ 21ರಿಂದ 18ರ ಹತ್ತಿರಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದೆ ಉರಿ ಅರೆಬರೆಯಾಗುತ್ತದೆ, ಕಾರ್ಬನ್ ಮೊನಾಕ್ಸೈಡ್ ಒಂದೇ ಸಮನೆ ಏರುತ್ತದೆ. ಒಬ್ಬರ ಬೆನ್ನಿಗೆ ಇನ್ನೊಬ್ಬರು ಸ್ನಾನಕ್ಕೆ ಹೋದರೆ ಎರಡನೆಯವರ ಗತಿ ಇನ್ನೂ ಕಷ್ಟ. ಇಬ್ಬರು ಮಕ್ಕಳನ್ನು ಒಟ್ಟಿಗೆ ಬಚ್ಚಲಿಗೆ ಕಳಿಸಿ ಹೊರಗಿನಿಂದ ಬೇಗ ಬನ್ನಿ ಎನ್ನುವ ತಾಯಿಗೆ ಇದಾವುದೂ ಗೊತ್ತಾಗುವಂತಿಲ್ಲ. ಒಳಗೆ ಹೊಗೆಯಿಲ್ಲ, ಉರಿ ಬಹುಮಟ್ಟಿಗೆ ನೀಲಿಯಾಗಿಯೇ ಕಾಣುತ್ತಿರುತ್ತದೆ.

ತಲೆಸುತ್ತು, ತಲೆನೋವು, ವಾಕರಿಕೆ ಬಂದರೂ ಜನ ಅದಕ್ಕೆ ಬೇರೆ ಕಾರಣ ಹುಡುಕುತ್ತಾರೆ: ಖಾಲಿ ಹೊಟ್ಟೆ, ಪಿತ್ತ, ಹೆಚ್ಚು ಬಿಸಿಯ ನೀರು. ಮೂರ್ಛೆ ಹೋದವರನ್ನು ಅಪಸ್ಮಾರವೆಂದು ಬಗೆದು ಚಿಕಿತ್ಸೆ ಕೊಟ್ಟ ಪ್ರಸಂಗಗಳು ಭಾರತದ ವೈದ್ಯಕೀಯ ನಿಯತಕಾಲಿಕಗಳಲ್ಲೇ ವರದಿಯಾಗಿವೆ. ಕರ್ನಾಟಕದಲ್ಲಿ ಈ ಗೊಂದಲಕ್ಕೆ ಇನ್ನೊಂದು ಎಳೆಯೂ ಉಂಟು. ತಲೆಯ ಮೇಲೆ ಚೊಂಬಿನಿಂದ ಬಿಸಿನೀರು ಹೊಯ್ದುಕೊಳ್ಳುವಾಗ ಕೆಲವರಿಗೆ ಬರುವ ‘ಬಿಸಿನೀರಿನ ಅಪಸ್ಮಾರ’ ನಮ್ಮ ಸೀಮೆಯಲ್ಲೇ ಹೆಚ್ಚು. ಬೆಂಗಳೂರಿನ ನರರೋಗ ತಜ್ಞ ಕೆ.ಎಸ್. ಮಣಿ 1960ರ ದಶಕದ ಕೊನೆಯಲ್ಲೇ ಅದನ್ನು ವಿವರಿಸಿದ್ದರು. ನಿಮ್ಹಾನ್ಸ್‌ನ ಸತೀಶ್ಚಂದ್ರ 1988ರಲ್ಲಿ 279 ರೋಗಿಗಳ ವಿವರ ಪ್ರಕಟಿಸಿದರು. ಅದು ಬೇರೆ ಕಾಯಿಲೆ, ಅದಕ್ಕೆ ಔಷಧಿಯಿದೆ. ಗೀಸರಿನ ಮೂರ್ಛೆಗೆ ಬೇಕಾದದ್ದು ಮೊದಲು ಬಯಲ ಗಾಳಿ, ಆಮೇಲೆ ಆಸ್ಪತ್ರೆಯ ಆಮ್ಲಜನಕ. ಬಾಗಿಲು ಒಡೆದು ಒಳನುಗ್ಗುವವರು ಮೊದಲು ಗ್ಯಾಸ್ ಬಂದ್ ಮಾಡಿ ತಾವೂ ಬೇಗ ಹೊರಬರಬೇಕು. ಎತ್ತಲು ಹೋದವರೂ ಕುಸಿದದ್ದುಂಟು.

ಗೋಡೆಯಾಚೆಯ ಬಾಯಿ

ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿ ಕೂಡಿಸಿ, ನೀರನ್ನು ಮಾತ್ರ ಕೊಳವೆಯಲ್ಲಿ ಒಳಗೆ ತರಬೇಕೆಂಬುದು ಎಲ್ಲ ತಜ್ಞರ ಮಾತು. ಗಾಳಿಗಿಂಡಿಯ ಬಗ್ಗೆಯೂ ತಪ್ಪು ತಿಳಿವಳಿಕೆ ಸಾಕಷ್ಟಿದೆ. ಮೇಲೊಂದು ವೆಂಟಿಲೇಟರ್ ಇದೆಯಲ್ಲ ಎನ್ನುತ್ತಾರೆ. ಬಿಸಿಯಾದದ್ದು ಮೇಲಿನಿಂದ ಹೋಗಬೇಕಾದರೆ ತಣ್ಣನೆಯದು ಕೆಳಗಿನಿಂದ ಬರಬೇಕು. ಸೋರಿದ ಅಡುಗೆ ಅನಿಲವೋ ಗಾಳಿಗಿಂತ ಭಾರ, ಅದು ನೆಲದಲ್ಲೇ ಹರಡುತ್ತದೆ. ಹೀಗಾಗಿ ಮೇಲೊಂದು, ಕೆಳಗೊಂದು, ಎರಡು ಕಿಂಡಿ ಬೇಕು. ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಮುಗಿಯಿತೆಂಬ ಭರವಸೆಯೂ ಕುರುಡು. ಒಳಬರುವ ದಾರಿಯಿಲ್ಲದ ಕೋಣೆಯಲ್ಲಿ ಫ್ಯಾನ್ ತಿರುಗಿದರೆ ಅದು ಚಿಮಣಿಯ ಮೂಲಕವೇ ಗಾಳಿ ಎಳೆದು ಹೊಗೆಯನ್ನು ಒಳಗೆ ತರಬಲ್ಲದು.

ಸೋಜಿಗವೆಂದರೆ ಯೂರೋಪಿನ ಎಂಜಿನಿಯರುಗಳು ಮುಚ್ಚುಗೂಡಿನ ಬಾಯ್ಲರಿನಲ್ಲಿ ಮಾಡಿದ್ದನ್ನು ಮಲೆನಾಡಿನ ಗಾರೆಯವರು ಮಣ್ಣಿನಲ್ಲೇ ಮಾಡಿದ್ದರು. ಬಚ್ಚಲಿನ ಗೋಡೆಗೆ ಸೇರಿಸಿ ಹಂಡೆಯನ್ನು ಕೂಡಿಸಿ, ಒಲೆಯ ಬಾಯನ್ನು ಗೋಡೆಯಾಚೆಗೆ, ಹಿತ್ತಿಲಿನ ಚಪ್ಪರಕ್ಕೆ ತೆರೆದಿಟ್ಟ ಮನೆಗಳು ಶಿರಸಿ ಸೀಮೆಯಲ್ಲಿ ಬೇಕಾದಷ್ಟಿವೆ. ಸೌದೆ ದೂಡುವುದು ಹೊರಗೆ, ಗಾಳಿ ಎಳೆಯುವುದು ಹೊರಗಿನಿಂದ, ಹೊಗೆ ಹೋಗುವುದು ಹೊರಗೆ. ಮೀಯುವವರಿಗೆ ಸಿಗುವುದು ಬಿಸಿನೀರು ಮಾತ್ರ. ಹೊಗೆಯ ಕಾಟ ತಪ್ಪಿಸಲೆಂದು ಮಾಡಿಕೊಂಡ ಈ ಏರ್ಪಾಟಿನಲ್ಲಿ ಕಾರ್ಬನ್ ಮೊನಾಕ್ಸೈಡಿನ ಕಾಟವೂ ತಪ್ಪಿತ್ತು.

ಈಗ ಇಲ್ಲಿಯೂ ಹೊಸ ಮನೆಗಳ ತಾರಸಿಯ ಮೇಲೆ ಸೋಲಾರ್ ಫಲಕಗಳಿವೆ, ಬಚ್ಚಲಿನಲ್ಲಿ ಎಲೆಕ್ಟ್ರಿಕ್ ಗೀಸರ್ ಇದೆ, ಕೆಲವೆಡೆ ಗ್ಯಾಸಿನದೂ ಇದೆ. ಜೂನ್ ಬಂದು ಸೂರ್ಯ ಮುಖ ಮರೆಸಿ, ಮರ ಬಿದ್ದು ಕರೆಂಟಿನ ತಂತಿ ಹರಿದಾಗ ಮನೆಯವರು ಹಿತ್ತಿಲಿಗೆ ಹೋಗಿ ಹಳೆಯ ಹಂಡೆಯ ಒಲೆಯ ಬಾಯಿಂದ ಬೂದಿ ಕೆರೆಯುತ್ತಾರೆ. ಹಾವು, ಹೆಗ್ಗಣ ನುಗ್ಗದಿರಲೆಂದು ಬೇಸಿಗೆಯಲ್ಲಿ ಗಾಳಿಗಿಂಡಿಗೆ ತುರುಕಿದ್ದ ಗೋಣಿತಾಟನ್ನು ಹೊರಗೆಳೆದು, ಒಣ ಗರಿಯೊಂದನ್ನು ಹೊತ್ತಿಸಿ ಕೊಳವೆ ಎಳೆಯುತ್ತದೋ ಎಂದು ತುಸು ಹೊತ್ತು ನೋಡುತ್ತಾರೆ. ಉರಿ ಒಳಮುಖವಾಗಿ ಬಾಗಿದ ಮೇಲೆ ಸೌದೆ ದೂಡುತ್ತಾರೆ.